ಪಕ್ಕದ ಮೇಜಿನ ಅಸಿಟೋನ್

ದಾವಣಗೆರೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಎಥನಾಲ್ ಆವಿಯನ್ನು ಗುರುತಿಸುವ ಸತುವಿನ ಆಕ್ಸೈಡ್ ತೆಳುಪದರವನ್ನು ತಯಾರಿಸಲು ಹೊರಟಾಗ ನಮ್ಮಲ್ಲಿ ನಿರ್ವಾತ ಯಂತ್ರ ಇರಲಿಲ್ಲ. ಹೀಗಾಗಿ ಹಾಟ್ ಪ್ಲೇಟ್, ಕಂಪ್ರೆಸರ್ ಮತ್ತು ಗಾಜಿನ ನಳಿಕೆಯಿದ್ದರೆ ಸಾಕಾಗುವ, ದ್ರಾವಣವನ್ನು ಬಿಸಿ ಗಾಜಿನ ಮೇಲೆ ಸಿಂಪಡಿಸಿ ಪದರ ಮೂಡಿಸುವ ಸ್ಪ್ರೇ ಪೈರಾಲಿಸಿಸ್ ವಿಧಾನವನ್ನು ಆರಿಸಿಕೊಂಡೆ.

100 ಮಿ.ಲೀ. ದ್ರಾವಣಕ್ಕೆ ಸುಮಾರು 2.2 ಗ್ರಾಂ ಜಿಂಕ್ ಅಸಿಟೇಟ್ ಬೆರೆಸಿ, ಮಬ್ಬು ಹೋಗಲೆಂದು ಕೆಲವು ಹನಿ ಅಸಿಟಿಕ್ ಆಮ್ಲ ಬಿಟ್ಟು, 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಗಾಜಿನ ಸ್ಲೈಡಿನ ಮೇಲೆ ಸಿಂಪಡಿಸಿದೆ. ಒಂದೇ ಸಮನೆ ಸಿಂಪಡಿಸಿದ್ದರಿಂದ ಗಾಜು ತಣಿದು, ಮೊದಲ ಪದರಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ ಬೆರಳಿಗೇ ಅಂಟಿ ಬಂದವು. ಕೆಲವು ಸೆಕೆಂಡು ಸಿಂಪಡಿಸಿ, ತಾಪ ಮರಳುವವರೆಗೆ ಕಾಯುವ ತಾಳ್ಮೆ ಕಲಿತ ನಂತರವೇ ಓರೆಯಾಗಿ ಹಿಡಿದರೆ ಬಣ್ಣ ಮಿನುಗುವ ಪಾರದರ್ಶಕ ಪದರ ಸಿಕ್ಕಿತು.

ಇಂಥ ಪದರ ಆವಿಯನ್ನು ಗುರುತಿಸುವ ತತ್ವ ಹೊಸದಲ್ಲ. ಜಪಾನಿನ ಸೇಯಾಮ ಮತ್ತು ಸಂಗಡಿಗರು 1962ರಲ್ಲೇ ಇದನ್ನು ಸತುವಿನ ಆಕ್ಸೈಡಿನ ಮೇಲೆ ತೋರಿಸಿದ್ದರು. ಬಿಸಿ ಪದರದ ಮೇಲೆ ಕುಳಿತ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟು ಪದರದ ವಿದ್ಯುತ್ ರೋಧವನ್ನು ಹೆಚ್ಚಿಸುತ್ತದೆ. ಎಥನಾಲ್ ಬಂದು ಆ ಆಕ್ಸಿಜನ್‌ನೊಂದಿಗೆ ವರ್ತಿಸಿದಾಗ ಎಲೆಕ್ಟ್ರಾನುಗಳು ಪದರಕ್ಕೆ ಮರಳಿ, ರೋಧ ಇಳಿಯುತ್ತದೆ. ಪದರವನ್ನಿಟ್ಟು ಪರೀಕ್ಷಿಸುವ 10 ಲೀಟರಿನ ಪೆಟ್ಟಿಗೆಯಲ್ಲಿ 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 100 ಭಾಗ) ಆವಿ ಆಗಲು ಸುಮಾರು 2.4 ಮೈಕ್ರೋಲೀಟರ್ ಎಥನಾಲ್ ಸಾಕು. ಸಿರಿಂಜಿನ ತುದಿಯಲ್ಲಿ ಅಂಟಿ ಉಳಿದ ಹನಿಯೇ ಲೆಕ್ಕವನ್ನು ಕೆಡಿಸಬಲ್ಲದು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಎಥನಾಲ್ ಅಲ್ಲ, ಬರೀ ಗಾಳಿ. ಪೆಟ್ಟಿಗೆಗೆ ಏನನ್ನೂ ಬಿಡದಿದ್ದರೂ ದಿನವೂ ಮಧ್ಯಾಹ್ನ ರೋಧ ಕುಸಿಯುತ್ತಿತ್ತು. ಪದರಕ್ಕೆ ತಂತಿ ಜೋಡಿಸುವ ಸಿಲ್ವರ್ ಪೇಸ್ಟಿನ ಸಂಪರ್ಕ ಸಡಿಲವಾಗಿದೆಯೆಂದು ಎರಡು ಸಲ ಮತ್ತೆ ಹಚ್ಚಿದೆ. ಕೊನೆಗೆ ತಿಳಿದದ್ದೇನೆಂದರೆ, ಊಟದ ನಂತರ ಪಕ್ಕದ ಮೇಜಿನಲ್ಲಿ ವಿದ್ಯಾರ್ಥಿಗಳು ಅಸಿಟೋನಿನಿಂದ ಸ್ಲೈಡುಗಳನ್ನು ತೊಳೆಯುತ್ತಿದ್ದರು, ಸರಿಯಾಗಿ ಮುಚ್ಚಿಕೊಳ್ಳದ ನನ್ನ ಪೆಟ್ಟಿಗೆಯೊಳಗಿನ ಪದರ ಅದನ್ನೂ ನಿಷ್ಠೆಯಿಂದ ಗುರುತಿಸುತ್ತಿತ್ತು. ಎಥನಾಲಿಗೆಂದೇ ಮಾಡಿದ ಸಂವೇದಕವೆಂದು ಬರೆದುಕೊಂಡಿದ್ದ ಶೀರ್ಷಿಕೆಯನ್ನು ಅಂದೇ ಹೊಡೆದುಹಾಕಿದೆ.

ಮಳೆಗಾಲದ ತೇವವೂ ತೊಂದರೆ ಕೊಟ್ಟಿತು: ಏಪ್ರಿಲ್‌ನ ಒಣ ಹವೆಯಲ್ಲಿ ಚೆನ್ನಾಗಿ ಸ್ಪಂದಿಸಿದ ಅದೇ ಪದರ ಜುಲೈನಲ್ಲಿ ಮಂಕಾಯಿತು. ಈಗ ಪ್ರತಿ ಅಳತೆಗೆ ಮುನ್ನ ಒಂದು ಗಂಟೆ ಗಾಳಿಯಲ್ಲಿನ ರೋಧವನ್ನೇ ದಾಖಲಿಸಿ, ಪಕ್ಕದಲ್ಲಿ ಆರ್ದ್ರತೆಯನ್ನೂ ಬರೆದಿಡುತ್ತೇನೆ. ಅಸಿಟೋನ್ ಬಾಟಲಿ ವರಾಂಡಕ್ಕೆ ಹೋಗಿದೆ.