ನನ್ನ ಬಿಆರ್‌ಝಡ್‌ಗೆ ಮನೆಯ ಗ್ಯಾರೇಜಿನಲ್ಲೇ ಸೂಪರ್‌ಚಾರ್ಜರ್ ಕೂರಿಸಿದ ಮೂರು ವಾರ

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ ಅದರ ಶಕ್ತಿ ಹೆಚ್ಚಿಸುವ ಯಂತ್ರ. ಅದರ ಕಿಟ್ಟಿನ ಪೆಟ್ಟಿಗೆ ಮನೆಗೆ ಬಂದು ಹತ್ತು ದಿನ ಕಳೆದರೂ ಅದರ ಅಂಟುಪಟ್ಟಿಯನ್ನು ನಾನು ಬಿಚ್ಚಿರಲಿಲ್ಲ. ಮೊದಲು ಎಂಜಿನ್ನಿನ ಆರೋಗ್ಯ ತಿಳಿಯಬೇಕಿತ್ತು. ನನ್ನದು 2015ರ ಸುಬಾರು ಬಿಆರ್‌ಝಡ್, ಕೈಯಲ್ಲಿ ಗೇರು ಹಾಕುವ ಮಾದರಿ. 2 ಲೀಟರಿನ ಬಾಕ್ಸರ್ ಎಂಜಿನ್, 200 ಅಶ್ವಶಕ್ತಿ, ಕಂಪ್ರೆಷನ್ ಅನುಪಾತ 12.5ಕ್ಕೆ 1. ಗಾಳಿಯನ್ನು ಈಗಾಗಲೇ ಇಷ್ಟು ಬಿಗಿಯಾಗಿ ಹಿಂಡುವ ಎಂಜಿನ್ನಿಗೆ ಹೊರಗಿನಿಂದ ಇನ್ನಷ್ಟು ತುಂಬುವುದೆಂದರೆ ಹೊಟ್ಟೆ ತುಂಬ ಉಂಡವನಿಗೆ ಮತ್ತೆ ಬಡಿಸಿದ ಹಾಗೆ. ನಾಲ್ಕು ಸಿಲಿಂಡರುಗಳಲ್ಲಿ ಒಂದು ಬಡವಾಗಿದ್ದರೂ ಕೆಲಸಕ್ಕೆ ಕೈಹಾಕುವುದಿಲ್ಲವೆಂದು ನಿರ್ಧರಿಸಿದ್ದೆ.

ಬಾಕ್ಸರ್ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಅಡ್ಡಡ್ಡವಾಗಿ ಮಲಗಿರುತ್ತವೆ. ಹಾಗಾಗಿ ಸ್ಪಾರ್ಕ್ ಪ್ಲಗ್‌ಗಳು ಮೇಲಿನಿಂದ ಕಾಣುವುದಿಲ್ಲ, ಎರಡೂ ಪಕ್ಕಗಳಲ್ಲಿ ಚೌಕಟ್ಟಿನ ಕಡೆಗೆ ಮುಖ ಮಾಡಿರುತ್ತವೆ. ಬ್ಯಾಟರಿ ತೆಗೆದು, ಗಾಳಿ ಶೋಧಕದ ಡಬ್ಬಿ ತೆಗೆದು, ಗಿಡ್ಡ ಸರಳುಗಳನ್ನು ಒಂದಕ್ಕೊಂದು ಜೋಡಿಸಿ ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನ ಅಂದಾಜಿನ ಮೇಲೆ ತಿರುಗಿಸಬೇಕು. ಶನಿವಾರದ ಬೆಳಗು ಪೂರ್ತಿ ಅದಕ್ಕೇ ಹೋಯಿತು. ನಾಲ್ಕೂ ಸಿಲಿಂಡರುಗಳ ಒತ್ತಡದ ವ್ಯತ್ಯಾಸ ಶೇಕಡಾ 5ರ ಒಳಗೇ ಇತ್ತು. ಅದೇ ಸಂದರ್ಭದಲ್ಲಿ ಬಿಸಿಯನ್ನು ಬೇಗ ಬಿಟ್ಟುಕೊಡುವ, ಒಂದು ಹಂತ ತಂಪಾದ ಪ್ಲಗ್‌ಗಳನ್ನು ಹಾಕಿಬಿಟ್ಟೆ. ಅಂದು ಸಂಜೆ ಪೆಟ್ಟಿಗೆ ಬಿಚ್ಚಿದೆ.

ಎಂಜಿನ್ನಿನ ಹೊಗೆಯ ಬಲದಿಂದ ತಿರುಗುವ ಟರ್ಬೊ ಬಿಟ್ಟು, ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಆರಿಸಿಕೊಂಡದ್ದು, ಅದರಲ್ಲೂ ಸೆಂಟ್ರಿಫ್ಯೂಗಲ್ (ವೇಗವಾಗಿ ತಿರುಗುವ ಚಕ್ರದಿಂದ ಗಾಳಿಯನ್ನು ಹೊರಕ್ಕೆಸೆದು ಒತ್ತುವ) ಬಗೆಯದನ್ನು ಆರಿಸಿಕೊಂಡದ್ದು ಯೋಚಿಸಿಯೇ. ಇದರಲ್ಲಿ ಒತ್ತಡ ಎಂಜಿನ್ ವೇಗದ ಜೊತೆ ಮೆಲ್ಲಗೆ ಏರುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಇದ್ದೂ ಇಲ್ಲದಂತೆ, 7,000ದಲ್ಲಿ ಪೂರ್ತಿ. ಕಡಿಮೆ ವೇಗದಲ್ಲಿ ಒಮ್ಮೆಲೇ ಟಾರ್ಕ್ (ತಿರುಗಿಸುವ ಬಲ) ನುಗ್ಗಿದರೆ ಪಿಸ್ಟನ್ನುಗಳಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್‌ಗಳ ಮೇಲೆ ಬೀಳುವ ಹೊಡೆತ ಇಲ್ಲಿ ಇಲ್ಲ. ಈ ಕಾರಿಗೆ 4,000 ಸುತ್ತಿನ ಆಸುಪಾಸಿನಲ್ಲಿ ಹುಟ್ಟಿನಿಂದಲೇ ಒಂದು ಟಾರ್ಕಿನ ಹಳ್ಳ ಇದೆ. ಸೆಂಟ್ರಿಫ್ಯೂಗಲ್ ಅದನ್ನು ಪೂರ್ತಿ ತುಂಬುವುದಿಲ್ಲ. ಅದೇ ಮುಖ್ಯ ಎನ್ನುವವರಿಗೆ ಟರ್ಬೊವೇ ಸರಿ. ನನಗೆ ಎಂಜಿನ್ ಬಹುಕಾಲ ಬಾಳುವುದು ಮುಖ್ಯವಾಗಿತ್ತು.

ಇನ್ನೊಂದು ಕಾರಣ ಕಾನೂನು. ನಾನಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಇಲ್ಲಿ ಇಂಥ ಭಾಗಕ್ಕೆ ರಾಜ್ಯದ ವಾಯುಸಂಪನ್ಮೂಲ ಮಂಡಳಿಯ ಆದೇಶ ಸಂಖ್ಯೆ ಇರಬೇಕು. ಬಾನೆಟ್ಟಿನ ಕೆಳಗೆ ಆ ಸಂಖ್ಯೆಯ ಚೀಟಿ ಅಂಟಿರದಿದ್ದರೆ ಹೊಗೆ ತಪಾಸಣೆಯಲ್ಲಿ ಕಾರು ನಪಾಸು. ಸಂಖ್ಯೆ ಇರುವ ಕಿಟ್ಟನ್ನೇ ಹುಡುಕಿ ಕೊಂಡೆ. ಸುಮಾರು 5,500 ಡಾಲರ್ ಆಯಿತು. ಅದರ ಜೊತೆ ಬಂದ ಇಸಿಯು ಮ್ಯಾಪನ್ನು (ಎಂಜಿನ್ ನಡೆಸುವ ಕಂಪ್ಯೂಟರಿನ ಸೂಚನಾಪಟ್ಟಿಯನ್ನು) ಬದಲಿಸದೆ ಹಾಗೆಯೇ ಬಳಸಿದ್ದೂ ಇದೇ ಕಾರಣಕ್ಕೆ.

ಬಂಪರ್ ಬಿಚ್ಚುವುದು, ಮುಂದೆ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂರಿಸುವುದು, ಬ್ರಾಕೆಟ್ ಬಿಗಿಯುವುದು ಇವೆಲ್ಲ ಕೈಪಿಡಿ ನೋಡಿಕೊಂಡು ಯಾರಾದರೂ ಮಾಡಬಹುದಾದ ಕೆಲಸ. ಒಂದೇ ಮಾತು: ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್‌ಗಳನ್ನು ಕೊಟ್ಟು ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ. ನನ್ನ ಅಪ್ಪ ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ರಟ್ಟಿನ ಮೇಲೆ ಭಾಗದ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡುವುದನ್ನು ಅವರಿಂದ ಕಲಿತೆ. ಬಂಪರಿಗೆ ಒಂದು ರಟ್ಟು, ಬೆಲ್ಟಿನ ಕಡೆಗೆ ಒಂದು, ಗಾಳಿಯ ಕೊಳವೆಗಳಿಗೆ ಒಂದು.

ಸೂಪರ್‌ಚಾರ್ಜರ್ ಡೆನ್ಮಾರ್ಕಿನ ರೋಟ್ರೆಕ್ಸ್. ಅದರೊಳಗೆ ಹಲ್ಲಿನ ಗೇರುಗಳಿಲ್ಲ. ನುಣುಪಾದ ಉರುಳೆಗಳ ನಡುವೆ ಇರುವ ವಿಶೇಷ ಎಣ್ಣೆ ಒತ್ತಡಕ್ಕೆ ಸಿಕ್ಕ ಕ್ಷಣ ಗಟ್ಟಿಯಾಗಿ ಹಿಡಿತ ಕೊಡುತ್ತದೆ, ಆ ಹಿಡಿತದಿಂದಲೇ ಒಳಗಿನ ಚಕ್ರ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಆದ್ದರಿಂದ ಇದಕ್ಕೆ ತನ್ನದೇ ಎಣ್ಣೆ, ತನ್ನದೇ ಡಬ್ಬಿ, ತನ್ನದೇ ಶೋಧಕ ಮತ್ತು ಕೂಲರ್ ಇವೆ. ಎಂಜಿನ್ ಆಯಿಲ್ ಹಾಕಿದರೆ ಅದು ಹಾಳಾಗುತ್ತದೆ. ಶೋಧಕದ ಮೇಲಿನ ಬಾಣ ಎಣ್ಣೆ ಹರಿಯುವ ದಿಕ್ಕನ್ನೇ ತೋರುತ್ತಿದೆಯೇ ಎಂದು ಎರಡು ಸಲ ನೋಡಿ ಬಿಗಿದೆ.

ನನ್ನ ಎರಡನೆಯ ವಾರವನ್ನು ಪೂರ್ತಿ ನುಂಗಿದ್ದು ಎಂಜಿನ್ನಿನ ತಿರುಗಾಟವನ್ನು ಈ ಯಂತ್ರಕ್ಕೆ ಮುಟ್ಟಿಸುವ ಬೆಲ್ಟು.

ಹೊಸ, ಉದ್ದನೆಯ ಬೆಲ್ಟು ಹಾಕಿ ಬಿಗುಪು ಕೊಟ್ಟು, ಕಿಟ್ಟಿನ ಮ್ಯಾಪನ್ನು ಇಸಿಯುಗೆ ಏರಿಸಿ ಎಂಜಿನ್ ಚಾಲೂ ಮಾಡಿದೆ. ಮೊದಲ ನಿಮಿಷ ಎಲ್ಲ ಸರಿಯಿತ್ತು. ಕೊಳವೆಗಳು ತುಂಬಿಕೊಂಡಂತೆ ಡಬ್ಬಿಯ ಎಣ್ಣೆಯ ಮಟ್ಟ ಇಳಿಯಿತು, ನಿಲ್ಲಿಸಿ ಮತ್ತೆ ತುಂಬಿದೆ. ಎರಡನೆಯ ಸಲ ಚಾಲೂ ಮಾಡಿದಾಗ ಹಕ್ಕಿಯ ಚಿಲಿಪಿಲಿಯಂಥ ಸಣ್ಣ ಸದ್ದು ಶುರುವಾಯಿತು. ಆಕ್ಸಲರೇಟರ್ ಒತ್ತಿದಷ್ಟೂ ಅದು ಚೀರಾಟವಾಯಿತು. ಟಾರ್ಚು ಹಿಡಿದು ನೋಡಿದರೆ ಕಪ್ಪು ಬ್ರಾಕೆಟ್ಟಿನ ಅಂಚಿನಲ್ಲಿ ಸೀಸದಕಡ್ಡಿ ಕೆತ್ತಿದಾಗ ಉದುರುವಂಥ ನವಿರಾದ ರಬ್ಬರ್ ಪುಡಿ. ಹೊಸ ಬೆಲ್ಟು ಐದೇ ನಿಮಿಷದಲ್ಲಿ ಸವೆಯುತ್ತಿತ್ತು.

ಅಪ್ಪನಿಗೆ ಫೋನ್ ಮಾಡಿದೆ. "ಸದ್ದು ಬಂತೆಂದು ಬಿಗಿ ಮಾಡಬೇಡ. ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ, ಬೇರಿಂಗ್ ಹೋಗುತ್ತದೆ. ಮೊದಲು ಪುಲ್ಲಿಗಳು ನೇರಕ್ಕಿವೆಯೇ ನೋಡು" ಎಂದರು. ಉಕ್ಕಿನ ನೇರಪಟ್ಟಿಯನ್ನು ಸೂಪರ್‌ಚಾರ್ಜರ್ ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದೆ. ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಗೆ ಅದು ಸರಿಯಾಗಿ ತಾಗಿತು. ಬೆಲ್ಟಿಗೆ ದಾರಿ ತೋರಲು ಹೊಸದಾಗಿ ಹಾಕಿದ ಐಡ್ಲರ್ ಪುಲ್ಲಿಯ ಬಳಿ ಮಾತ್ರ ಪಟ್ಟಿಗೂ ಪುಲ್ಲಿಗೂ ನಡುವೆ ಬೆಳಕಿನ ಗೆರೆ ಕಂಡಿತು. ಕೈಪಿಡಿಯ ಹಂತಗಳನ್ನು ಓದಿ ಗುರುತು ಹಾಕುತ್ತಿದ್ದ ಹೆಂಡತಿ, ನಾನು ಬಿಚ್ಚಿಟ್ಟ, ಭಾಗಗಳ ನಡುವೆ ಅಂತರ ಕೊಡುವ ಎರಡು ಅಲ್ಯೂಮಿನಿಯಂ ಸ್ಪೇಸರುಗಳನ್ನು ನೆಲದ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ, "ರೀ, ಇವೆರಡರ ಎತ್ತರ ಒಂದೇ ಅಲ್ಲ, ನೋಡಿ" ಎಂದಳು. ವರ್ನಿಯರ್ ಹಿಡಿದೆ. ಒಂದು 12 ಮಿಲಿಮೀಟರ್, ಇನ್ನೊಂದು 15. ವ್ಯಾಸ ಒಂದೇ, ಬಣ್ಣ ಒಂದೇ. ಅದಲು ಬದಲು ಹಾಕಿದ್ದು ನಾನೇ. ಕಿಟ್ಟಿನ ಪ್ರತಿ ಸ್ಪೇಸರನ್ನೂ ಅಳೆದು ಅದರ ಮೇಲೆಯೇ ಅಳತೆ ಬರೆದಿಟ್ಟುಕೊಳ್ಳಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಸರಿಯಾದ ಜಾಗಕ್ಕೆ ಹಾಕಿ ಮತ್ತೊಂದು ಬೆಲ್ಟು ತರಿಸಿದೆ. ಪುಡಿ ನಿಂತಿತು, ಸದ್ದೂ ನಿಂತಿತು.

ಮೂರನೆಯ ವಾರ ಗಾಳಿಯ ಲೆಕ್ಕಕ್ಕೆ ಮೀಸಲಾಯಿತು. ಈ ಕಿಟ್ಟಿನಲ್ಲಿ ಗಾಳಿಯನ್ನು ಅಳೆಯುವ ಸಂವೇದಕ ಸೂಪರ್‌ಚಾರ್ಜರಿಗಿಂತ ಮುಂಚೆ ಬರುತ್ತದೆ. ಅದು ಒಮ್ಮೆ ಅಳೆದ ಗಾಳಿ ಪೂರ್ತಿಯಾಗಿ ಎಂಜಿನ್ನಿಗೆ ತಲುಪಲೇಬೇಕು. ನಡುವೆ ಸೋರಿದರೆ, ಸೋರಿಹೋದ ಗಾಳಿಗೂ ಇಸಿಯು ಪೆಟ್ರೋಲ್ ಸುರಿಯುತ್ತದೆ. ಆಕ್ಸಲರೇಟರ್ ಬಿಟ್ಟಾಗ ಉಳಿಯುವ ಒತ್ತಡವನ್ನು ಬೈಪಾಸ್ ಕವಾಟ ಹೊರಗೆ ಉಗುಳದೆ, ಸಂವೇದಕದ ನಂತರದ ಕೊಳವೆಗೇ ವಾಪಸ್ ಕಳಿಸುವುದೂ ಇದಕ್ಕಾಗಿಯೇ. ಫುಸ್ ಎಂಬ ಸದ್ದಿನ ಆಸೆಗೆ ಆ ಕವಾಟವನ್ನು ಬಯಲಿಗೆ ಬಿಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸೋರಿಕೆ ನೋಡಲು ಪ್ಲಾಸ್ಟಿಕ್ ಪೈಪಿನ ಮುಚ್ಚಳಕ್ಕೆ ಟೈರಿನ ವಾಲ್ವ್ ಕೂರಿಸಿ, ಅದನ್ನು ಗಾಳಿ ಒಳಬರುವ ಕೊಳವೆಯ ಬಾಯಿಗೆ ಬಿಗಿದೆ. ಕ್ರ್ಯಾಂಕ್‌ಕೇಸಿನಿಂದ ಬರುವ ಕೊಳವೆಯನ್ನು ಮುಚ್ಚಿ, 5 ಪಿಎಸ್‌ಐ ಮೀರದಂತೆ ಮೆಲ್ಲಗೆ ಗಾಳಿ ತುಂಬಿದೆ. ಪ್ರತಿ ಜೋಡಣೆಗೂ ಕುಂಚದಲ್ಲಿ ಸಾಬೂನು ನೀರು ಹಚ್ಚುತ್ತ ಹೋದೆ. ಇಂಟರ್‌ಕೂಲರಿನಿಂದ ಹೊರಬರುವ ಕಡೆ, ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಏಳುವಂಥ ಪುಟ್ಟ ಗುಳ್ಳೆಗಳು ಸಾಲಾಗಿ ಎದ್ದವು. ಲೋಹದ ಕೊಳವೆಯ ತುದಿಯಲ್ಲಿ ಒಂದು ಉಬ್ಬು ಇರುತ್ತದೆ, ಕ್ಲಾಂಪು ಅದರ ಹಿಂದೆ ಕೂರಬೇಕು. ನನ್ನದು ಉಬ್ಬಿನ ಮೇಲೆಯೇ ಕೂತಿತ್ತು. ಕೈಗೆ ಅದು ಗಟ್ಟಿಯಾಗಿಯೇ ಇದೆ ಅನ್ನಿಸುತ್ತಿತ್ತು. ಅರ್ಧ ಇಂಚು ಹಿಂದೆ ಸರಿಸಿ ಬಿಗಿದ ಮೇಲೆ ಗುಳ್ಳೆಗಳಿಲ್ಲ.

ಪೂರ್ಣ ವೇಗದ ಪರೀಕ್ಷೆಯನ್ನು ರಸ್ತೆಯಲ್ಲಿ ಮಾಡಲಿಲ್ಲ, ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರ ಇರುವ ಕಡೆ ಬಾಡಿಗೆಗೆ ಸಮಯ ತೆಗೆದುಕೊಂಡೆ. ಇಲ್ಲಿ ಬಂಕಿನಲ್ಲಿ ಸಿಗುವ ಪ್ರೀಮಿಯಂ 91 ಆಕ್ಟೇನ್ ತುಂಬಿಸಿಕೊಂಡೇ ಹೋಗಿದ್ದೆ. ಕಿಟ್ ಹಾಕುವ ಮುಂಚೆ ಇದೇ ಯಂತ್ರದಲ್ಲಿ ಚಕ್ರಗಳ ಬಳಿ 166 ಅಶ್ವಶಕ್ತಿ ಬಂದಿತ್ತು, ಈಗ 232. ಆ ಸಂಖ್ಯೆಗಿಂತ ನಾನು ಮೊದಲು ನೋಡಿದ್ದು ದಾಖಲೆಯ ಬೇರೆ ಎರಡು ಗೆರೆಗಳನ್ನು. ಒತ್ತಡ ಏರಿದಾಗ ಗಾಳಿ ಮತ್ತು ಇಂಧನದ ಅನುಪಾತ 11.5ರ ಸುತ್ತಮುತ್ತ ನೆಟ್ಟಗೆ ನಿಂತಿತ್ತು, ನಾಕ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಕಂಡು ಇಸಿಯು ಕಿಡಿಯನ್ನು ಹಿಂದಕ್ಕೆಳೆದ ಗುರುತು ಎಲ್ಲೂ ಇರಲಿಲ್ಲ. ಅದನ್ನು ನೋಡಿದ ಮೇಲೆಯೇ ನನಗೆ ಉಸಿರು ಬಂದದ್ದು.

ಮರುದಿನ ಬೆಳಗ್ಗೆ ಸಾರಟೋಗಾದಿಂದ ಸ್ಕೈಲೈನ್ ಕಡೆಗೆ ಏರುವ 9ನೇ ಹೆದ್ದಾರಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋದೆ. ರೆಡ್‌ವುಡ್ ಮರಗಳ ನಡುವಿನ ತಿರುವುಗಳಲ್ಲಿ ಮೊದಲು ಎರಡನೆಯ ಗೇರಿಗೆ ಇಳಿಯಲೇಬೇಕಾಗಿದ್ದ ಏರನ್ನು ಕಾರು ಮೂರನೆಯದರಲ್ಲೇ ಹತ್ತಿತು. ಒತ್ತಡ ಏರುವಾಗ ಮುಂದಿನಿಂದ ಸಣ್ಣದೊಂದು ಸಿಳ್ಳೆ ಕೇಳುತ್ತದೆ, ಕಿಟಕಿ ಇಳಿಸಿದರೆ ಮಾತ್ರ.

500 ಮೈಲಿ ಓಡಿದ ಮೇಲೆ ಎಲ್ಲ ಕ್ಲಾಂಪುಗಳನ್ನೂ ಬ್ರಾಕೆಟ್ಟಿನ ಬೋಲ್ಟುಗಳನ್ನೂ ಮತ್ತೆ ನೋಡಿದೆ. ಒಂದೇ ಒಂದು ಕ್ಲಾಂಪು ಅರ್ಧ ಸುತ್ತು ಬಿಗಿ ಕೇಳಿತು. ಬ್ರಾಕೆಟ್ಟಿನ ಅಂಚಿಗೆ ಬಿಳಿ ಬಟ್ಟೆ ಒರೆಸಿದರೆ ಧೂಳಿತ್ತು, ರಬ್ಬರ್ ಇರಲಿಲ್ಲ. ವಿಲೋಸ್‌ನ ಥಂಡರ್‌ಹಿಲ್ ಟ್ರ್ಯಾಕಿಗೆ ಒಯ್ಯುವ ಆಸೆ ಇದೆ. ಅದಕ್ಕೆ ಮೊದಲು ಎಂಜಿನ್ನಿಗೂ ಪ್ರತ್ಯೇಕ ಆಯಿಲ್ ಕೂಲರ್ ಹಾಕಬೇಕು. ಅದರ ಅಡಾಪ್ಟರ್ ಈಗಾಗಲೇ ತರಿಸಿದ್ದೇನೆ, ಅಳೆದು ಬರೆದಿಟ್ಟೂ ಆಗಿದೆ.