ಬಿಟ್ಟ ಜಾಗದಿಂದಲೇ ಮತ್ತೆ ನಡೆಯುವುದು: ಬಳಲಿದ ವಿಶ್ವಾಸಿಗೆ ಭರವಸೆ ಮತ್ತು ವಿಧೇಯತೆಯ ದಾರಿ

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯ ಯಾವ ಸಭೆಯಲ್ಲಿ ವಿಚಾರಿಸಿದರೂ, ಒಂದು ಕಾಲದಲ್ಲಿ ತಪ್ಪದೆ ಬರುತ್ತಿದ್ದು ಈಗ ಕ್ರಿಸ್‌ಮಸ್ಸಿಗೂ ಶುಭ ಶುಕ್ರವಾರಕ್ಕೂ ಮಾತ್ರ ಮುಖ ತೋರಿಸುವ ನಾಲ್ಕಾರು ಕುಟುಂಬಗಳ ಹೆಸರು ಸಿಗುತ್ತವೆ. ಅವರಲ್ಲದೆ, ಪ್ರತಿ ಭಾನುವಾರ ಬಂದು ಕುಳಿತು, ಹಾಡಿ, ಕಾಣಿಕೆ ಹಾಕಿ ಮನೆಗೆ ಹೋಗುವ, ಆದರೆ ಒಳಗೆ ಬರಡಾಗಿರುವವರೂ ಇದ್ದಾರೆ. ಅವರು ಯಾರೆಂಬುದು ಪಕ್ಕದಲ್ಲಿ ಕುಳಿತವರಿಗೂ ತಿಳಿದಿರುವುದಿಲ್ಲ. ಈ ಬರಹ ಇಬ್ಬರಿಗೂ ಸೇರಿದ್ದು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು: ಹಳೆಯ ಉತ್ಸಾಹ ಮರಳಿದ ಮೇಲೆ ದೇವರ ಮಾತನ್ನು ಕೇಳೋಣವೆಂದು ಕಾಯುತ್ತಾ ಕೂರಬಾರದು, ಯಾವ ವಿಷಯದಲ್ಲಿ ಆತನ ಮಾತನ್ನು ಕೇಳುವುದನ್ನು ನಿಲ್ಲಿಸಿದೆವೋ ಆ ವಿಷಯಕ್ಕೇ ಹಿಂದಿರುಗಿ, ಆತನನ್ನು ನಂಬಿ, ಅದನ್ನು ಮಾಡಬೇಕು. ಸಂತೋಷ ಅದರ ಹಿಂದೆ ಬರುತ್ತದೆ, ಕೆಲವೊಮ್ಮೆ ಬಹಳ ತಡವಾಗಿ.

ಆದರೆ ಎಲ್ಲ ಬರಡುತನವೂ ಪಾಪದಿಂದ ಬಂದದ್ದಲ್ಲವಾದ್ದರಿಂದ, ಮೊದಲು ನಮ್ಮದು ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಮೊದಲನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಳ್ಳುತ್ತಾನೆ. ದೇವರು ಅವನನ್ನು ಗದರಿಸಲಿಲ್ಲ. ಮಲಗಲು ಬಿಟ್ಟನು, ದೂತನ ಕೈಯಿಂದ ಎರಡು ಸಾರಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಹೋರೇಬ್ ಬೆಟ್ಟದಲ್ಲಿ ಮಾತನಾಡಿಸಿ ಮುಂದಿನ ಕೆಲಸವನ್ನು ವಹಿಸಿದ್ದು ಅದಾದ ನಂತರವೇ. ತಿಂಗಳುಗಟ್ಟಲೆ ರಾತ್ರಿ ಪಾಳಿ ಮಾಡಿದವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರು, ಹೆರಿಗೆಯ ನಂತರ ನಿದ್ದೆಗೆಟ್ಟ ತಾಯಂದಿರು ತಮ್ಮ ಪ್ರಾರ್ಥನೆ ಒಣಗಿತೆಂದು ತಮ್ಮನ್ನೇ ಹಳಿದುಕೊಳ್ಳುವ ಮುಂಚೆ ಈ ಅಧ್ಯಾಯವನ್ನು ಓದಬೇಕು. ಯಾವುದರಲ್ಲಿಯೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆಯುತ್ತಿದ್ದರೆ ಅಥವಾ ಸಾಯುವ ಯೋಚನೆ ಬರುತ್ತಿದ್ದರೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಔಷಧಿ ತೆಗೆದುಕೊಳ್ಳುವುದು ಅವಿಶ್ವಾಸವೆಂದು ಹೇಳುವವರ ಮಾತಿಗೆ ಸತ್ಯವೇದದಲ್ಲಿ ಆಧಾರವಿಲ್ಲ.

ಇನ್ನೊಂದು ಬಗೆಯ ಬರಡುತನಕ್ಕೆ ಕಾರಣ ನಮಗೇ ಗೊತ್ತಿರುತ್ತದೆ. ಕೀರ್ತನೆ 32ರಲ್ಲಿ ದಾವೀದನು ಅದನ್ನು ಹೇಳುತ್ತಾನೆ: ಪಾಪವನ್ನು ಅರಿಕೆಮಾಡದೆ ಸುಮ್ಮನಿದ್ದಾಗ ಎಲುಬುಗಳು ಸವೆದವು, ಬೇಸಗೆಯ ಬಿಸಿಲಿಗೆ ಸಿಕ್ಕಂತೆ ದೇಹದ ಸಾರ ಬತ್ತಿತು. ಹೀಗೆ ಬತ್ತಿದವರಿಗೆ ಮುಂದಿನ ಮಾತುಗಳು.

ಶುರುಮಾಡುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿ ಸ್ಪಷ್ಟವಿರಲಿ. ನಾವು ವಿಧೇಯರಾದೆವೆಂದು ದೇವರು ನಮ್ಮನ್ನು ಪ್ರೀತಿಸಲು ತೊಡಗುವುದಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಕ್ರಮ ಹೀಗಿದೆ: ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಸತ್ಕ್ರಿಯೆಗಳು ಅದರ ಹಿಂದೆ ಬರುವ ನಡಿಗೆ. ಭದ್ರಾ ನಾಲೆಯ ಕೊನೆಯಂಚಿನ ರೈತರಿಗೆ ಇದು ಬೇಗ ಅರ್ಥವಾದೀತು. ಜಲಾಶಯದಿಂದ ನೀರು ಬಿಟ್ಟಾಗಿದ್ದರೂ ಹೊಲಗಾಲುವೆಯಲ್ಲಿ ಹೂಳು ತುಂಬಿದ್ದರೆ ಗದ್ದೆ ಒಣಗಿಯೇ ಇರುತ್ತದೆ. ಹೂಳೆತ್ತಿದವನು ನೀರನ್ನು ಉಂಟುಮಾಡಲಿಲ್ಲ, ಬಂದ ನೀರಿಗೆ ದಾರಿ ಬಿಟ್ಟನಷ್ಟೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡವರು ಒಂದೆರಡು ವಾರ ಕಟ್ಟುನಿಟ್ಟಾಗಿ ನಡೆದು, ಎಡವಿದ ದಿನವೇ ಎಲ್ಲವನ್ನೂ ಕೈಬಿಡುತ್ತಾರೆ.

ನಿಂತ ಜಾಗವನ್ನು ಹುಡುಕುವುದು

ಪ್ರಕಟನೆಯ 2ನೆಯ ಅಧ್ಯಾಯದಲ್ಲಿ, ಮೊದಲಿನ ಪ್ರೀತಿಯನ್ನು ಬಿಟ್ಟ ಎಫೆಸದ ಸಭೆಗೆ ಕರ್ತನು ಮೂರು ಕೆಲಸಗಳನ್ನು ಹೇಳುತ್ತಾನೆ: ಎಲ್ಲಿಂದ ಬಿದ್ದಿದ್ದೀ ಎಂದು ನೆನಪುಮಾಡಿಕೋ, ಮಾನಸಾಂತರಪಡು, ಮೊದಲಿನ ಕೃತ್ಯಗಳನ್ನು ಮಾಡು. ಮೊದಲಿನ ಭಾವನೆಯನ್ನು ತಂದುಕೋ ಎಂಬ ಆಜ್ಞೆ ಅಲ್ಲಿಲ್ಲ, ಏಕೆಂದರೆ ಭಾವನೆ ನಮ್ಮ ಕೈಯಲ್ಲಿಲ್ಲ. ಕೃತ್ಯ ನಮ್ಮ ಕೈಯಲ್ಲಿದೆ.

ಆದುದರಿಂದ ಒಂದು ಬೆಳಿಗ್ಗೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಸತ್ಯವೇದ ಮತ್ತು ಒಂದು ನೋಟುಪುಸ್ತಕದೊಂದಿಗೆ ಕುಳಿತುಕೊಳ್ಳಿರಿ. ಕೀರ್ತನೆ 32 ಮತ್ತು 51ನ್ನು ನಿಧಾನವಾಗಿ, ಸಾಧ್ಯವಾದರೆ ಬಾಯಿಬಿಟ್ಟು ಓದಿರಿ. ನಂತರ ನಿಮ್ಮನ್ನೇ ಕೇಳಿಕೊಳ್ಳಿರಿ: ಪ್ರಾರ್ಥನೆ ಕೊನೆಯ ಬಾರಿ ಜೀವಂತವಾಗಿದ್ದುದು ಯಾವಾಗ? ಆಮೇಲೆ ಏನಾಯಿತು? ಯಾರ ಹೆಸರು ಬಂದಾಗ ನಾನು ಪ್ರಾರ್ಥನೆಯನ್ನು ಬೇಗ ಮುಗಿಸುತ್ತೇನೆ? ಯಾವ ಹಣದ ಲೆಕ್ಕವನ್ನು ಹೆಂಡತಿಗೆ ಅಥವಾ ಗಂಡನಿಗೆ ತೋರಿಸಲಾರೆ? ಬಂದ ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ, ಹತ್ತಾರು ದೋಷಗಳನ್ನು ಪಟ್ಟಿಮಾಡುವವರಿಗಿಂತ, ತಾನು ತಪ್ಪಿಸಿಕೊಂಡು ಓಡಾಡುತ್ತಿರುವ ಒಂದೇ ವಿಷಯವನ್ನು ಬರೆಯಲು ಧೈರ್ಯಮಾಡುವವರು ಬೇಗ ಮುಂದೆ ಹೋಗುತ್ತಾರೆ. ಅದು ಅಣ್ಣತಮ್ಮಂದಿರ ನಡುವಿನ ಜಮೀನಿನ ವ್ಯಾಜ್ಯವಾಗಿರಬಹುದು, ಆನ್‌ಲೈನ್ ಜೂಜಾಗಿರಬಹುದು, ಕುಡಿತವಾಗಿರಬಹುದು, ದೇವರು ಮಗುವನ್ನು ಉಳಿಸಲಿಲ್ಲವೆಂಬ ಸಿಟ್ಟಾಗಿರಬಹುದು. ಸಿಟ್ಟನ್ನೂ ಹಾಗೆಯೇ ಆತನ ಮುಂದೆ ಹೇಳಬಹುದು. ಕೀರ್ತನೆ 88 ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆ.

ಅರಿಕೆ ಮತ್ತು ಹಿಂದಕ್ಕೆ ಕೊಡುವುದು

ದೇವರ ಮುಂದೆ ಮಾಡುವ ಅರಿಕೆಗೆ ಉದ್ದವಾದ ಪ್ರಾರ್ಥನೆ ಬೇಕಿಲ್ಲ. ಪರರ ಹೆಂಡತಿಯನ್ನು ತೆಗೆದುಕೊಂಡು ಆಕೆಯ ಗಂಡನನ್ನು ಕೊಲ್ಲಿಸಿದ್ದ ಅರಸ ದಾವೀದನ ಎದುರಿಗೆ ಪ್ರವಾದಿ ನಾತಾನನು ಬಂದು ನಿಂತು ಹೇಳಿದಾಗ ಅವನು, ನಾನು ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ ಎಂದಷ್ಟೇ ಹೇಳಿದನು. ಯೋಹಾನನ ಮೊದಲನೆಯ ಪತ್ರಿಕೆ 1:9ರ ವಾಗ್ದಾನದಂತೆ ಆತನು ಕ್ಷಮಿಸಿದನೆಂದು ಅಲ್ಲಿಯೇ ನಂಬಬೇಕು. ಭರವಸೆ ಎಂಬುದು ಈ ಸ್ಥಳದಲ್ಲಿ ಬಹಳ ನಿರ್ದಿಷ್ಟವಾದ ಕೆಲಸ: ಕ್ಷಮೆ ಸಿಕ್ಕಿತೆಂಬ ಅನಿಸಿಕೆ ಬರದಿದ್ದರೂ, ಆತನ ಮಾತು ನನ್ನ ಅನಿಸಿಕೆಗಿಂತ ಗಟ್ಟಿಯೆಂದು ಎಣಿಸಿ ಎದ್ದು ನಡೆಯುವುದು. ಅದರ ಜೊತೆಗೆ ಒಬ್ಬ ಮನುಷ್ಯನ ಮುಂದೆಯೂ ಹೇಳಿಕೊಳ್ಳುವುದು ಒಳ್ಳೆಯದು. ಯಾಕೋಬ 5:16 ಅದನ್ನೇ ಹೇಳುತ್ತದೆ. ಕಥೋಲಿಕರಿಗೆ ಗುರುಗಳ ಬಳಿ ಪಾಪನಿವೇದನೆಯ ಸಂಸ್ಕಾರವಿದೆ. ಇತರ ಸಭೆಗಳವರು ಸಭಾಪಾಲಕರನ್ನೋ, ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ ಹಿರಿಯರೊಬ್ಬರನ್ನೋ ಆರಿಸಿಕೊಳ್ಳಲಿ. ಸ್ತ್ರೀಯರು ಸ್ತ್ರೀಯರೊಬ್ಬರ ಬಳಿ ಹೇಳಿಕೊಳ್ಳುವುದೇ ಸೂಕ್ತ.

ಇಲ್ಲಿಯವರೆಗೆ ಬಂದು ನಿಂತುಬಿಡುವವರು ಬಹಳ. ಯೇಸು ಮನೆಗೆ ಬಂದ ದಿನ ಸುಂಕದವನಾದ ಜಕ್ಕಾಯನು ಅಳುತ್ತಾ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನೂ ಕೊಡುತ್ತೇನೆಂದು ಎದ್ದುನಿಂತು ಹೇಳಿದನು. ಅರಣ್ಯಕಾಂಡ 5:7ರ ನಿಯಮ ಮೂಲಹಣದೊಂದಿಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದಿತ್ತು. ನಮ್ಮ ಕಡೆ ಇದು ಹೇಗೆ ಕಾಣುತ್ತದೆ? ಎಪಿಎಂಸಿಯಲ್ಲಿ ವ್ಯಾಪಾರ ಮಾಡುವ ವಿಶ್ವಾಸಿ, ಮೆಕ್ಕೆಜೋಳದಲ್ಲಿ ಇಲ್ಲದ ತೇವಾಂಶವನ್ನು ತೋರಿಸಿ ಕ್ವಿಂಟಲಿಗೆ ಇಷ್ಟೆಂದು ಮುರಿದುಕೊಂಡಿದ್ದರೆ, ಹಳೆಯ ಪಟ್ಟಿಗಳನ್ನು ತೆಗೆದು, ಆ ರೈತರ ಹೆಸರುಗಳನ್ನು ಹುಡುಕಿ ಅವರ ಊರಿಗೆ ಹೋಗಬೇಕು. ಕೊಡಬೇಕಾದವರು ಸಿಗದಿದ್ದರೆ ಆ ಹಣ ತನ್ನದಲ್ಲವೆಂದು ತಿಳಿದು ಬಡವರಿಗೆ ಸಲ್ಲಿಸಬೇಕು. ಚೀಟಿ ಎತ್ತಿ ಕಂತು ಕಟ್ಟದೆ ಊರು ಬಿಟ್ಟವರು, ಒಟ್ಟಿಗೆ ಕೊಡಲಾಗದಿದ್ದರೆ, ತಿಂಗಳಿಗೆ ಇಷ್ಟು ಕೊಡುತ್ತೇನೆಂದು ಹೇಳಿ ಮೊದಲ ಕಂತನ್ನು ಅಂದೇ ಕೊಡಬೇಕು.

ಮಾತನಾಡುವ ರೀತಿಯೂ ಮುಖ್ಯ. ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡಿ ಎಂಬುದು ಅರಿಕೆಯಲ್ಲ. ಅದರಲ್ಲಿ ತಪ್ಪಿಗೂ ಹೆಸರಿಲ್ಲ, ಮಾಡಿದವನಿಗೂ ಹೆಸರಿಲ್ಲ. ಜಮೀನಿನ ವಿಷಯವಾದರೆ ಹೀಗೆ ಹೇಳಬಹುದು: “ಅಣ್ಣಾ, ಬಾವಿ ಕಡೆ ಬದುವನ್ನ ಒತ್ತಿ ಉತ್ತಿದ್ದು ನಾನೇ. ನಿನ್ನ ಮೇಲೆ ಇಲ್ಲದ್ದು ಹೇಳ್ಕೊಂಡು ತಿರುಗಿದ್ದೂ ನಾನೇ. ಅಳತೆ ಮಾಡಿಸಿ ಕಲ್ಲು ಹಾಕಿಸೋಣ, ಖರ್ಚು ನಂದು. ತಪ್ಪಾಯ್ತು.” ಇಷ್ಟು ಹೇಳಿ ಸುಮ್ಮನಾಗಬೇಕು. ನೀನೂ ಅಂದು ಹಾಗೆ ಮಾಡಿದೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಅದನ್ನು ಅಲ್ಲಿಯೇ ನುಂಗುವುದು ಆ ದಿನದ ವಿಧೇಯತೆ. ಅಣ್ಣ ಬಾಗಿಲು ಹಾಕಿಕೊಳ್ಳಬಹುದು. ಸಾಧ್ಯವಾದರೆ ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದು ರೋಮಾ 12:18 ಹೇಳುವುದರಿಂದ, ನಿಮ್ಮ ಪಾಲನ್ನು ಮಾಡಿದ ಮೇಲೆ ಅವರ ಉತ್ತರದ ಭಾರ ನಿಮ್ಮ ಮೇಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಹೊಡೆಯುವ ಗಂಡನ ಮನೆಗೆ ಹಿಂದಿರುಗುವುದನ್ನೂ, ತನ್ನ ಮೇಲೆ ದೌರ್ಜನ್ಯ ಮಾಡಿದವನೊಂದಿಗೆ ಏನೂ ನಡೆಯಲಿಲ್ಲವೆಂಬಂತೆ ಬೆರೆಯುವುದನ್ನೂ ದೇವರಿಗೆ ತೋರಿಸುವ ವಿಧೇಯತೆಯೆಂದು ಯಾರೂ ಬೋಧಿಸಬಾರದು. ಕ್ಷಮಿಸುವುದು ಬೇರೆ, ಅಪಾಯಕ್ಕೆ ಮತ್ತೆ ಒಡ್ಡಿಕೊಳ್ಳುವುದು ಬೇರೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡುವುದರಲ್ಲಿ ಪಾಪವಿಲ್ಲ. ಅಂತೆಯೇ, ಬೋಧಕರೊಬ್ಬರ ಪ್ರತಿಯೊಂದು ಮಾತಿಗೂ ತಲೆಯಾಡಿಸುವುದು ದೇವರಿಗೆ ವಿಧೇಯರಾಗಿರುವುದಲ್ಲ. ಬೆರೋಯ ಪಟ್ಟಣದವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರಗಳಲ್ಲಿ ಪರಿಶೋಧಿಸಿ ನೋಡಿದರು.

ದಿನದಿನದ ನಡಿಗೆ

ದೊಡ್ಡ ಹೆಜ್ಜೆ ಇಟ್ಟ ಮೇಲೆ ಉಳಿಯುವುದು ಸಣ್ಣಸಣ್ಣ ವಿಧೇಯತೆಗಳು, ಇವುಗಳ ಬಗ್ಗೆ ನಮಗೆ ಅಸಡ್ಡೆ ಹೆಚ್ಚು. ಕುಷ್ಠರೋಗಿಯಾಗಿದ್ದ ನಾಮಾನನಿಗೆ ಯೊರ್ದನಿನಲ್ಲಿ ಏಳು ಸಾರಿ ಮುಳುಗೆಂದು ಎಲೀಷನು ಹೇಳಿಕಳುಹಿಸಿದಾಗ, ಇಷ್ಟು ಸುಲಭದ ಮಾತೇ ಎಂದು ಅವನಿಗೆ ಕೋಪ ಬಂತು. ಪ್ರವಾದಿ ಕಷ್ಟದ ಕೆಲಸವನ್ನು ಹೇಳಿದ್ದರೆ ಮಾಡುತ್ತಿರಲಿಲ್ಲವೇ ಎಂದು ಸೇವಕರು ಕೇಳಿದ ಮೇಲೆಯೇ ಅವನು ನೀರಿಗಿಳಿದನು. ನಲವತ್ತು ದಿನ ಉಪವಾಸ ಮಾಡುತ್ತೇನೆಂದು ಹರಕೆ ಹೊರುವುದು ನಮಗೆ ಸುಲಭ. ನಾಳೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳುವುದು ಕಷ್ಟ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿ, ಆ ಅಧ್ಯಾಯದಲ್ಲಿ ಇಂದು ಮಾಡಬೇಕಾದ ಒಂದು ಕೆಲಸವನ್ನು ಬರೆದುಕೊಂಡು, ರಾತ್ರಿ ಮಲಗುವ ಮುಂಚೆ ಮಾಡಿದೆನೋ ಇಲ್ಲವೋ ನೋಡಿಕೊಳ್ಳಿರಿ. ಭಾನುವಾರದ ಆರಾಧನೆಗೆ ಹೋಗಿ, ಹಿಂದಿನ ಸಾಲಿನಲ್ಲಾದರೂ ಕುಳಿತುಕೊಳ್ಳಿರಿ. ಪ್ರಭುವಿನ ಭೋಜನದಿಂದ ದೂರವಿದ್ದವರು ತಮ್ಮ ಸಭಾಪಾಲಕರೊಂದಿಗೆ ಮಾತನಾಡಿ ಮತ್ತೆ ಪಾಲುತೆಗೆದುಕೊಳ್ಳಲಿ.

ಇದಕ್ಕೆ ಬದಲಾಗಿ ಅಡ್ಡದಾರಿಗಳನ್ನು ತೋರಿಸುವವರು ಸಿಗುತ್ತಾರೆ. ಇಷ್ಟು ಸಾವಿರ ಕಾಣಿಕೆ ಕೊಟ್ಟರೆ ಕಳೆದುಕೊಂಡದ್ದೆಲ್ಲ ಮರಳುತ್ತದೆಂಬ ಮಾತನ್ನು ನಂಬಬೇಡಿರಿ. ನಾಶಮಾಡಬೇಕೆಂದು ದೇವರು ಹೇಳಿದ್ದ ಅಮಾಲೇಕ್ಯರ ಕುರಿಗಳನ್ನು ಉಳಿಸಿಕೊಂಡು ಯಜ್ಞಕ್ಕೆಂದು ನೆಪ ಹೇಳಿದ ಅರಸ ಸೌಲನಿಗೆ, ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮವೆಂದು ಪ್ರವಾದಿ ಸಮುವೇಲನು ಉತ್ತರಕೊಟ್ಟನು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ದೂರದೂರುಗಳಿಂದ ಜನ ಭಕ್ತಿಯಿಂದ ಬರುತ್ತಾರೆ. ಅಂಥ ಯಾತ್ರೆಯೂ, ನಾವು ನಡೆಸುವ ಉಜ್ಜೀವನ ಕೂಟಗಳೂ, 9ನೆಯ ತಾರೀಖಿನ ಬೆಳಿಗ್ಗೆ ಮನೆಯಲ್ಲಿ ನಡೆಯಬೇಕಾದ ವಿಧೇಯತೆಗೆ ಬಲಕೊಡಬೇಕೇ ಹೊರತು ಅದರ ಬದಲಿಗೆ ನಿಲ್ಲಬಾರದು.

ಕೆಲವು ನಷ್ಟಗಳು ಉಳಿಯುತ್ತವೆ. ದಾವೀದನಿಗೆ ಕ್ಷಮೆ ಸಿಕ್ಕಿತು, ಮಗು ಉಳಿಯಲಿಲ್ಲ. ಆ ಸುದ್ದಿ ತಿಳಿದ ಮೇಲೆ ಅವನು ನೆಲದಿಂದೆದ್ದು, ಸ್ನಾನಮಾಡಿ, ಬಟ್ಟೆ ಬದಲಿಸಿ, ಮೊದಲು ಯೆಹೋವನ ಮಂದಿರಕ್ಕೆ ಹೋಗಿ ಅಡ್ಡಬಿದ್ದನು. ಊಟ ಮಾಡಿದ್ದು ಆನಂತರ. ಮುರಿದ ಮದುವೆ ಕೂಡದಿರಬಹುದು, ಹೋದ ಕೆಲಸ ಸಿಗದಿರಬಹುದು, ಜೂಜಿನ ಸಾಲ ತೀರಲು ವರ್ಷಗಳೇ ಬೇಕಾಗಬಹುದು. ಇವು ಉಳಿದಿರುವುದನ್ನು ನೋಡಿ ದೇವರು ಕ್ಷಮಿಸಲಿಲ್ಲವೆಂದು ತೀರ್ಮಾನಿಸಬೇಡಿರಿ. ಮತ್ತೆ ಎಡವಿದರೆ ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ ಅರಿಕೆಮಾಡಿ, ನೀವು ಆರಿಸಿಕೊಂಡ ಆ ಒಬ್ಬರಿಗೆ ಫೋನ್ ಮಾಡಿರಿ. ಕುಡಿತದಂಥ ವ್ಯಸನಕ್ಕೆ ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯೂ ಬೇಕು.

ಕೊನೆಯದಾಗಿ ಹಿಂದಿರುಗುವವರ ಮನೆಯವರಿಗೂ ಸಭೆಯವರಿಗೂ ಒಂದು ಮಾತು. ಬೆಂಕಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆನೆಂದು ಮೂರು ಸಾರಿ ಅಲ್ಲಗಳೆದಿದ್ದ ಶಿಷ್ಯ ಪೇತ್ರನಿಗೆ, ಯೇಸು ತಾನೇ ಹಾಕಿದ ಕೆಂಡದ ಬಳಿ ಮೊದಲು ಊಟ ಬಡಿಸಿ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಾರಿ ಕೇಳಿ, ಮೂರು ಸಾರಿಯೂ ಕೆಲಸವನ್ನು ಒಪ್ಪಿಸಿದನು. ಹಿಂದಿರುಗಿದವರನ್ನು ಬಂದ ವಾರವೇ ಮೈಕಿನ ಮುಂದೆ ಸಾಕ್ಷಿ ಹೇಳಲು ನಿಲ್ಲಿಸಬೇಡಿರಿ. ಇಷ್ಟು ದಿನ ಎಲ್ಲಿದ್ದಿರಿ ಎಂದು ಬಾಗಿಲಲ್ಲಿ ಕೇಳಬೇಡಿರಿ. ಆರಾಧನೆಯ ನಂತರ ಮನೆಗೆ ಕರೆದು ಊಟ ಹಾಕಿರಿ, ಮುಂದಿನ ವಾರ ಜಮಖಾನ ಹಾಸುವುದಕ್ಕೋ ಹಾಡಿನ ಪುಸ್ತಕಗಳನ್ನು ಹಂಚುವುದಕ್ಕೋ ಕೈಜೋಡಿಸಲು ಹೇಳಿರಿ. ಹಣ, ಮಕ್ಕಳು ಅಥವಾ ಸ್ತ್ರೀಯರ ವಿಷಯದಲ್ಲಿ ತಪ್ಪಿದವರಿಗೆ ಆ ಜವಾಬ್ದಾರಿಗಳನ್ನು ಮಾತ್ರ ವಹಿಸಬೇಡಿರಿ, ಅದನ್ನು ಅವರಿಗೂ ನೇರವಾಗಿ ತಿಳಿಸಿರಿ. ಗಲಾತ್ಯ 6:1 ಇಂಥವರನ್ನು ಶಾಂತಭಾವದಿಂದ ತಿದ್ದಿ ಸರಿಮಾಡುವ ಕೆಲಸವನ್ನು ಸಭೆಗೇ ಒಪ್ಪಿಸಿದೆ. ಸಭಾಪಾಲಕರು ಬಂದು ಮಾಡಲಿ ಎಂದು ಕಾಯದೆ, ಈ ವಾರವೇ ಅವರ ಮನೆಗೆ ಹೋಗಿಬನ್ನಿರಿ.