ಅಂಗಳದಲ್ಲಿ ಬರೆದ ಏಣಿ

ನಮ್ಮ ರಾಯಚೂರು ಕಡೆ ‘ಹೆಂಗದೀರಿ’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಚಲೋ ಅದೀವ್ರಿ.’ ಜನ ತಮ್ಮ ಬಾಳಿನ ಬಗ್ಗೆ ಎಷ್ಟು ಸಂತೋಷವಾಗಿದ್ದಾರೆ ಎಂದು ಕೇಳುವ ನನ್ನ ಸಮೀಕ್ಷೆಗೆ ಅದು ಸಾಲದು. ಅದಕ್ಕೇ ಸಿಂಧನೂರು, ಮಾನ್ವಿ ಹಳ್ಳಿಗಳಲ್ಲಿ ಮನೆಮನೆಗೆ ಹೋದಾಗ ಸೀಮೆಸುಣ್ಣದಿಂದ ಅಂಗಳದಲ್ಲೇ ಏಣಿ ಬರೆಯುತ್ತೇನೆ. ಬುಡ ಸೊನ್ನೆ, ತುದಿ ಹತ್ತು. ತುದಿ ಅಂದರೆ ನಿಮ್ಮ ಪಾಲಿಗೆ ಇದಕ್ಕಿಂತ ಚೆಂದ ಇಲ್ಲ ಎನ್ನುವ ಬಾಳು. ಈಗ ನೀವು ನಿಂತ ಮೆಟ್ಟಿಲ ಮೇಲೆ ಒಂದು ಹರಳಿಡಿ ಎನ್ನುತ್ತೇನೆ. ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ವಿಧಾನವಿದು. ವಿಶ್ವ ಸಂತೋಷ ವರದಿಯಲ್ಲಿ 2018ರಿಂದ 2025ರವರೆಗೆ ಫಿನ್‌ಲೆಂಡ್ ಸತತವಾಗಿ ಮೊದಲು ಬಂದದ್ದೂ ಇದೇ ಏಣಿಯ ಲೆಕ್ಕದಲ್ಲಿ.

ಸಾಲದ ಮಾತು ತೆಗೆಯುವ ಮೊದಲೇ ಹರಳು ಇಡಿಸಬೇಕು. ಸಾಲ ನೆನಪಾದ ಮೇಲೆ ಕೈ ತಾನಾಗಿ ಕೆಳಗೆ ಹೋಗುತ್ತದೆ. ಅತ್ತೆ ಎದುರಿಗಿದ್ದರೆ ಸೊಸೆಯನ್ನು ಕೇಳುವುದಿಲ್ಲ.

ಕಾಲುವೆಯ ಕೊನೆ ಭಾಗದ ಊರೊಂದರಲ್ಲಿ ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದ ಹೆಣ್ಣುಮಗಳು ಏಳರ ಮೇಲೆ ಹರಳಿಟ್ಟಳು. ಅದೇ ಓಣಿಯ ಟ್ರ್ಯಾಕ್ಟರ್ ಇರುವ ರೈತ ನಾಲ್ಕಕ್ಕೇ ನಿಂತಿದ್ದ. ‘ಏಳು ಯಾಕವ್ವ?’ ಎಂದೆ. ‘ರಾತ್ರಿ ಕೂಸಿಗೆ ಜ್ವರ ಬಂದ್ರ ಬಾಗಿಲಾ ಬಡಿಯಾಕ ಮೂರು ಮನಿ ಅದಾವ್ರಿ ನನಗ’ ಎಂದಳು. ಆ ರೈತನಿಗೆ ಹೊಲ ಪಾಲಾದಾಗಿನಿಂದ ಅಣ್ಣನ ಜೊತೆ ಮಾತಿಲ್ಲ. ಕಷ್ಟಕ್ಕೆ ಆಗುವವರು ಇದ್ದಾರೆಯೇ ಎಂಬ ಪ್ರಶ್ನೆಯನ್ನು ವಿಶ್ವ ವರದಿಯೂ ಲೆಕ್ಕಕ್ಕೆ ಹಿಡಿಯುವುದು ಯಾಕೆಂದು ನನಗೆ ಮನದಟ್ಟಾದದ್ದು ಆ ಓಣಿಯಲ್ಲಿ.

ಹಾಗಂತ ‘ಬಡವರೇ ಸುಖಿಗಳು’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎರಡನೇ ಬೆಳೆಗೆ ಸಿಗದ ವರ್ಷ ಕೊನೆ ಭಾಗದ ಹರಳುಗಳು ಸಾಲಾಗಿ ಕೆಳಗಿಳಿಯುತ್ತವೆ. ರೊಕ್ಕ ಬೇಕೇ ಬೇಕು. ಆದರೆ ಗುಳೆ ಹೋಗಿ ಬಂದವರಲ್ಲಿ ಕೂಲಿ ಹೆಚ್ಚಾದರೂ ಮೆಟ್ಟಿಲು ಏರದವರನ್ನು ನೋಡಿದ್ದೇನೆ. ಶೆಡ್ಡಿನಲ್ಲಿ ಸತ್ತರೂ ಕೇಳುವವರಿಲ್ಲ ಎನ್ನುತ್ತಾರೆ.

ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನೇ ಸೇರಿಸಿಕೊಂಡಿದ್ದೇನೆ: ‘ಇನ್ನೊಂದು ಮೆಟ್ಟಿಲು ಏರಾಕ ಏನು ಬೇಕು?’ ಗಂಡಸರು ಸಾಲ ತೀರಬೇಕು ಎನ್ನುತ್ತಾರೆ. ಏಳರ ಮೇಲೆ ಹರಳಿಟ್ಟವಳು ಬಸ್ಸು ಕೇಳಿದಳು. ಹತ್ತನೇ ಪಾಸಾದ ದೊಡ್ಡ ಮಗಳನ್ನು ಸಿಂಧನೂರಿನ ಕಾಲೇಜಿಗೆ ಕಳಿಸಬೇಕಿತ್ತು, ಸಂಜೆ ವಾಪಸ್ ಬರಲು ಬಸ್ಸಿಲ್ಲ. ಇಂಥ ಉತ್ತರಗಳನ್ನು ಹೆಸರು ಬಿಟ್ಟು, ಅವರ ಮಾತಿನಲ್ಲೇ ಬರೆದು ಗ್ರಾಮ ಪಂಚಾಯಿತಿಗೆ ಕೊಡುತ್ತಿದ್ದೇನೆ.